ಮಾವನ ಎಡಗೈ

ಸಂಗೀತ ಬಲ್ಲವನೆಂದು ನಾನು ಎಂದೂ ಹೇಳಿಕೊಂಡವನಲ್ಲ. ಮೂವತ್ತು ವರ್ಷ ಬ್ಯಾಂಕಿನ ಲೆಕ್ಕದ ಪುಸ್ತಕಗಳೊಡನೆ ಕಳೆದ ನನಗೆ ಚೆನ್ನಾಗಿ ತಿಳಿಯುತ್ತಿದ್ದ ಸ್ವರದ ಏರಿಳಿತವೆಂದರೆ ಮೇಲಧಿಕಾರಿಗಳದು ಮಾತ್ರ. ಅಂಥವನು ಕಳೆದ ದೀಪಾವಳಿಯ ಮುಂಚೆ ನಾಲ್ಕು ರಾತ್ರಿ ನಿದ್ದೆಗೆಟ್ಟು ಒಂದು ಡೊಳ್ಳಿನ ಸದ್ದನ್ನು ಹಿಡಿಯಲು ಹೆಣಗಿದೆನೆಂದರೆ, ಮನೆಯಾಕೆ ನಕ್ಕದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಡೊಳ್ಳು ನನ್ನ ಸೋದರಮಾವನದು, ಊರು ಝಳಕಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು ಅದು. ದೀಪಾವಳಿಯ ಅಮಾವಾಸ್ಯೆಗೆ ಗಡಿಯಾಚೆ, ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ ನೆರೆಯುತ್ತದೆ. ಸುತ್ತಲಿನ ಹಳ್ಳಿಗಳ ಡೊಳ್ಳುಗಳು ಅತ್ತ ಮುಖಮಾಡುತ್ತವೆ. ಮಾವ ಐವತ್ತು ವರ್ಷ ತಪ್ಪದೆ ಆ ಜಾತ್ರೆಗೆ ಹೋದವರು. ಆದರೆ ಎರಡು ವರ್ಷಗಳಿಂದ ಅವರ ಎಡಗೈಗೆ ನಡುಕ ಬಂದಿದೆ.

ಬಲಗೈಯ ಕೋಲಿನ ಪೆಟ್ಟು ಈಗಲೂ ಹೆದ್ದಾರಿಯಾಚೆಗೆ ಕೇಳುತ್ತದೆ. ಕ್ಷೀಣಿಸಿರುವುದು ಎಡಗೈಯ ನುಡಿ. “ಕೋಲು ಯಾರರೆ ಬಡೀತಾರ, ಅಳಿಯಾ, ಡೊಳ್ಳು ಮಾತಾಡೋದು ಈ ಕೈಯಿಂದ,” ಎಂದು ಅವರು ಅಂಗೈಯನ್ನು ತೋರಿಸುತ್ತಾರೆ. ಕೋಲಿನ ಎರಡು ಪೆಟ್ಟುಗಳ ನಡುವೆ ಅಂಗೈಯೂ ಬೆರಳುಗಳೂ ತುಂಬುವ ಸಣ್ಣ ಸಣ್ಣ ನುಡಿಗಳಲ್ಲಿಯೇ ಅವರ ಬಾಳಿನ ಗಳಿಕೆಯೆಲ್ಲ ಅಡಗಿದೆ. ಅದನ್ನು ಕಲಿಯಬೇಕೆಂಬ ಮೊಮ್ಮಗ ಪುಣೆಯಲ್ಲಿ ಓದುತ್ತಾನೆ. ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಆದ್ದರಿಂದ ಕೈ ಪೂರ್ಣ ಸೋಲುವ ಮುನ್ನ ಆ ನುಡಿಗಳನ್ನು ಮುದ್ರಿಸಿಡಬೇಕೆಂದು ನಾನೂ ನನ್ನ ಮಗನೂ ನಿಶ್ಚಯಿಸಿದೆವು.

ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪನ್ನೂ ಒಂದು ಮೈಕನ್ನೂ ತಂದ. ಮಾವನ ಮನೆಯಲ್ಲಿ ಜೋಳದ ಚೀಲಗಳನ್ನಿಡುವ ಕೋಣೆಯೇ ನಮ್ಮ ಸ್ಟುಡಿಯೋ. ಚೀಲಗಳು ಮಾರ್ದನಿಯನ್ನು ನುಂಗಿದವು. ಬಾಗಿಲಿಗೆ ಎರಡು ಕೌದಿಗಳನ್ನು ಇಳಿಬಿಟ್ಟೆವು. ಮೊದಲ ರಾತ್ರಿಯ ಮುದ್ರಣದಲ್ಲಿ ಕೋಲು ಸಿಡಿಲಿನಂತೆ ಕೇಳಿತು. ಎಡಗೈ ಇದ್ದೂ ಇಲ್ಲದಂತಿತ್ತು. ಧ್ವನಿಯನ್ನು ಹೆಚ್ಚಿಸಿದರೆ ಕೋಲಿನ ಪೆಟ್ಟು ಒಡೆದು ಕರ್ಕಶವಾಗುತ್ತಿತ್ತು.

“ಕಂಪ್ರೆಸರ್ ಹಾಕೋಣ,” ಎಂದ ಮಗ. ಕಂಪ್ರೆಸರೆಂದರೆ ಅತಿ ಎಚ್ಚರದ ಗುಮಾಸ್ತನಿದ್ದಂತೆ. ಸದ್ದು ಗೊತ್ತುಪಡಿಸಿದ ಗೆರೆಯನ್ನು ದಾಟಿದೊಡನೆ ಅದನ್ನು ಒತ್ತಿ ತಗ್ಗಿಸುತ್ತದೆ. ಹತ್ತಕ್ಕೊಂದರ ಪ್ರಮಾಣವಿಟ್ಟರೆ, ಗೆರೆಯ ಮೇಲೆ 20 ಡೆಸಿಬೆಲ್ ಜಿಗಿದ ಪೆಟ್ಟು 2 ಡೆಸಿಬೆಲ್ಲಿಗೆ ಇಳಿಯುತ್ತದೆ. ಬಳಿಕ ಒಟ್ಟು ಧ್ವನಿಯನ್ನು ಏರಿಸಿದರೆ ಸಣ್ಣ ಸದ್ದುಗಳೂ ಮೇಲೆ ಬರುತ್ತವೆ. ಮಗ ಹಾಗೆಯೇ ಮಾಡಿದ. ಎಡಗೈ ಸ್ಪಷ್ಟವಾಗಿ ಕೇಳಿತು. ನಾವಿಬ್ಬರೂ ಹಿಗ್ಗಿದೆವು.

ಮಾವ ಕಣ್ಣು ಮುಚ್ಚಿ ಆಲಿಸಿದರು. ಅವರ ಮುಖ ಅರಳಲಿಲ್ಲ. “ಕೈ ಕೇಳ್ತದ ಖರೆ. ಆದ್ರ ನನ್ನ ಕೋಲು ಎಲ್ಲಿ ಹೋತು? ಡೊಳ್ಳಿನ ಮ್ಯಾಲೆ ಕೌದಿ ಹೊಚ್ಚಿ ಬಡದಂಗ ಆಗ್ಯದ. ಇದು ನಾ ಅಲ್ಲ.” ಹೀಗೆಂದವರೇ ಎದ್ದು ಹೊರಗೆ ಹೋದರು. ನನಗೆ ಊಟ ಸೇರಲಿಲ್ಲ. ಸೋತ ಕೈಯನ್ನು ಉಳಿಸಲು ಹೋಗಿ ಗಟ್ಟಿಯಾಗಿದ್ದ ಕೈಯನ್ನೂ ಕಳೆದಿದ್ದೆವು.

ಮಗ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಬೇರೊಂದು ಉಪಾಯ ಹೇಳಿದ. ಮೂಲ ಮುದ್ರಣವನ್ನು ಮುಟ್ಟುವುದೇ ಬೇಡ. ಅದರದೊಂದು ನಕಲನ್ನು ತೆಗೆದು, ನಕಲನ್ನು ಮಾತ್ರ ಬಲವಾಗಿ ಒತ್ತಿ, ಎರಡನ್ನೂ ಜೊತೆಯಾಗಿ ಕೂಡಿಸುವುದು. ಇದಕ್ಕೆ ಸಮಾಂತರ ಕಂಪ್ರೆಷನ್ ಎಂದು ಹೆಸರು. 1965ರಲ್ಲಿ ಬಂದ, ಟೇಪಿನ ಗೊರಗೊರವನ್ನು ತಗ್ಗಿಸುವ ಡಾಲ್ಬಿ ಯಂತ್ರದಲ್ಲಿಯೂ ಹೀಗೆ ನೇರ ದಾರಿಗೆ ಒತ್ತಿದ ದಾರಿಯನ್ನು ಕೂಡಿಸುವ ತತ್ತ್ವವಿತ್ತು. 1977ರಲ್ಲಿ ಇಂಗ್ಲೆಂಡಿನ ‘ಸ್ಟುಡಿಯೋ ಸೌಂಡ್’ ಪತ್ರಿಕೆಯಲ್ಲಿ ಮೈಕ್ ಬೆವೆಲ್ ಎಂಬವರು ಈ ವಿಧಾನವನ್ನು ವಿವರಿಸಿದರು. ನ್ಯೂಯಾರ್ಕಿನ ತಂತ್ರಜ್ಞರು ಡ್ರಮ್ಮುಗಳಿಗೆ ಇದನ್ನು ಧಾರಾಳವಾಗಿ ಬಳಸಿದ್ದರಿಂದ ಆ ನಗರದ ಹೆಸರೂ ಇದಕ್ಕೆ ಅಂಟಿಕೊಂಡಿತು.

ಲೆಕ್ಕದ ಮನುಷ್ಯನಾದ ನನಗೆ ಇದರ ಲೆಕ್ಕ ಬಹಳ ಹಿಡಿಸಿತು. ಗೆರೆಯ ಕೆಳಗಿನ ಸಣ್ಣ ಸದ್ದು ಮೂಲದಲ್ಲಿಯೂ ನಕಲಿನಲ್ಲಿಯೂ ಒಂದೇ ಸಮ. ಎರಡೂ ಸೇರಿದಾಗ ಅದು 6 ಡೆಸಿಬೆಲ್ ಏರುತ್ತದೆ. ಗೆರೆಯಿಂದ 20 ಡೆಸಿಬೆಲ್ ಮೇಲಿರುವ ಪೆಟ್ಟು ನಕಲಿನಲ್ಲಿ 18 ಡೆಸಿಬೆಲ್ ತಗ್ಗಿರುವುದರಿಂದ, ಮೂಲಕ್ಕೆ ಅದು ಸೇರಿಸುವುದು ಸುಮಾರು 1 ಡೆಸಿಬೆಲ್ ಮಾತ್ರ. ದೊಡ್ಡದನ್ನು ಬಗ್ಗಿಸದೆ ಸಣ್ಣದನ್ನು ಎತ್ತುವ ಜಮಾಖರ್ಚು ಇದು.

ಆದರೆ ಅದೂ ಒಮ್ಮೆಗೇ ಕೈಗೂಡಲಿಲ್ಲ. ಮಗ ನಕಲನ್ನು ಬೇರೆಯಾಗಿ ಮಾಡಿ ಕೈಯಿಂದ ಜೋಡಿಸಿದ್ದ. ಅದು ಒಂದು ಮಿಲಿಸೆಕೆಂಡು ಹಿಂದೆ ಬಿದ್ದಿತ್ತು. ಅಷ್ಟು ಅಲ್ಪ ಕಾಲದ ಅಂತರವಿದ್ದರೂ 500 ಹರ್ಟ್ಸಿನ ಸುತ್ತಣ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಡೊಳ್ಳು ತಗಡಿನ ಡಬ್ಬಿಯಂತೆ ಕೇಳಿತು. ಅಂತರವನ್ನು ತಿದ್ದಿದಾಗ ಮತ್ತೊಂದು ತೊಂದರೆ: ಎಡಗೈಯ ಜೊತೆಗೆ ಹೆದ್ದಾರಿಯ ಲಾರಿಗಳೂ ಕೋಣೆಯೊಳಗೆ ಬಂದವು! ಸಣ್ಣದನ್ನು ಎತ್ತುವ ಯಂತ್ರಕ್ಕೆ ಮಾವನ ಬೆರಳೂ ಒಂದೇ, ದೂರದ ಲಾರಿಯೂ ಒಂದೇ. ಆ ಹೆದ್ದಾರಿಗೆ ರಾತ್ರಿಯೆಂಬುದಿಲ್ಲ. ಬೆಳಗಿನ ಮೂರು ಗಂಟೆಗೆ ಎದ್ದು, ಎರಡು ಲಾರಿಗಳ ನಡುವಣ ನಿಶ್ಶಬ್ದವನ್ನು ಕಾದು ಕಾದು ಮತ್ತೆ ಮುದ್ರಿಸಿದೆವು. ನಡುಗುವ ಕೈಯಿಂದ ಮಾವ ಒಂದು ಸಲವೂ ಬೇಸರಿಸದೆ ಬಾರಿಸಿದರು.

ಕೊನೆಗೊಂದು ಪರೀಕ್ಷೆ ಉಳಿದಿತ್ತು. ತುಸು ಜೋರಾಗಿ ಕೇಳುವುದನ್ನೇ ಉತ್ತಮವೆಂದು ನಂಬುವುದು ಕಿವಿಯ ದೌರ್ಬಲ್ಯ. ಆದ್ದರಿಂದ ಮಗ ಮೂಲವನ್ನೂ ಮಿಶ್ರಣವನ್ನೂ ಒಂದೇ ಮಟ್ಟದ ಧ್ವನಿಗೆ ತಂದು, ಯಾವುದು ಯಾವುದೆಂದು ಹೇಳದೆ ಮಾವನಿಗೆ ಕೇಳಿಸಿದ. ಮೊದಲನೆಯದಕ್ಕೆ ಅವರು ಸುಮ್ಮನಿದ್ದರು. ಎರಡನೆಯದು ಆರಂಭವಾಗಿ ನಾಲ್ಕು ಪೆಟ್ಟು ಮುಗಿಯುವಷ್ಟರಲ್ಲಿ ಅವರ ಎಡಗೈ ತೊಡೆಯ ಮೇಲೆ ತಾನಾಗಿಯೇ ಆಡತೊಡಗಿತು. ಆಗ ಅದು ನಡುಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ನನ್ನ ಕಣ್ಣು ಮಂಜಾಗಿತ್ತು.

“ಈಗ ಎರಡೂ ಕೈ ಅದಾವ,” ಎಂದರು.

ಆ ವರ್ಷ ಅವರು ಹುಲಜಂತಿಗೆ ಹೋದರು; ಡೊಳ್ಳು ಕಟ್ಟಲಿಲ್ಲ, ನಿಂತು ಕೇಳಿ ಬಂದರು. ಮೊಮ್ಮಗ ಪುಣೆಯಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಕಳೆದ ವಾರ ನಾನು ಝಳಕಿಯಲ್ಲಿಯೇ ಇದ್ದೆ. ಹುಡುಗ ಕೇಳುತ್ತಿದ್ದ: “ಅಜ್ಜಾ, ಮೂರನೇ ಕೋಲಿನ ಹಿಂದ ಬೆರಳು ಎರಡು ಸಲನೋ, ಮೂರು ಸಲನೋ?”

ಮಾವ ಉತ್ತರ ಹೇಳಲಿಲ್ಲ. ನನ್ನ ಕಡೆ ತಿರುಗಿ, ಫೋನಿನ ಬಾಯಿಗೆ ಅಂಗೈ ಹಿಡಿದು, ಮಗುವಿನಂತೆ ನಕ್ಕು ಪಿಸುಗುಟ್ಟಿದರು: “ಕೇಳ್ಯಾನ, ಅಳಿಯಾ. ಅವಗ ಕೇಳ್ಯದ.”