ಕೋಳಿಯ ಹಟಕ್ಕೂ ಒಂದು ಕಾರಣ

ಹೊತ್ತು ಮುಳುಗುವಾಗ ಕೋಳಿಯನ್ನು ಯಾರೂ ಕೂಗಿ ಕರೆಯಬೇಕಾಗಿಲ್ಲ. ಹಗಲೆಲ್ಲ ತಿಪ್ಪೆ ಕೆದಕಿ, ಹಿತ್ತಲು ಸುತ್ತಿ, ಬೆಳಕು ಮಂಕಾಗುತ್ತಿದ್ದಂತೆ ಅದು ತಾನಾಗಿಯೇ ಗೂಡಿಗೆ ಬರುತ್ತದೆ. ಹೀಗೆ ರೂಢಿಯಾದ ಕೋಳಿಗಳು ಒಂದು ಸಂಜೆ ಬಾಗಿಲ ಬಳಿ ನಿಂತು, ಕತ್ತು ಕೊಂಕಿಸಿ ಒಳಗೆ ನೋಡಿ, ಹಿಂದಕ್ಕೆ ಸರಿಯುವುದುಂಟು. ಒಂದು ನುಗ್ಗೆ ಮರ ಹತ್ತುತ್ತದೆ. ಇನ್ನೊಂದು ಸೌದೆ ರಾಶಿಯ ಮೇಲೆ ಕೂರುತ್ತದೆ. ಮನೆಮಂದಿ ಕೋಲು ಹಿಡಿದು ಅಟ್ಟುತ್ತಾರೆ. "ಹಾಳಾದ ಕೋಳಿಗೆ ಎಷ್ಟು ಹಟ ನೋಡು!" ಎಂದು ಬೈಯುತ್ತಾರೆ.

ಹೊರಗೆ ಮಲಗಿದ ಕೋಳಿ ಕಾಡುಬೆಕ್ಕಿಗೋ ಪುನುಗಿಗೋ ಬೀದಿನಾಯಿಗೋ ಸುಲಭದ ತುತ್ತು. ಅದರ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳೇ ಹೆಚ್ಚು. ಮಂದ ಬೆಳಕಿನಲ್ಲಿ ನೆರವಾಗುವ ದಂಡಕೋಶಗಳು ಕಡಿಮೆ. ಕತ್ತಲಾದ ಮೇಲೆ ಶತ್ರು ಬಂದರೆ ಅದು ಓಡಲೂ ಆರದು. ಮೊಟ್ಟೆ ಮಾರಿದ ದುಡ್ಡಿನಲ್ಲಿ ಮಕ್ಕಳ ನೋಟುಬುಕ್ಕು ಕೊಳ್ಳುವ ಮನೆಗೆ ಮೂರು ಹೇಂಟೆ ಹೋದರೆ ಅದು ಸಣ್ಣ ನಷ್ಟವಲ್ಲ.

ಹಾಗಿದ್ದರೂ ಕೋಳಿ ಗೂಡನ್ನು ಬಿಟ್ಟು ಮರ ಹತ್ತುವುದೇಕೆ? ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ಇರುಳು ಕಳೆಯುವುದು ಮರದ ಕೊಂಬೆಯ ಮೇಲೆ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದರೂ 'ಕತ್ತಲಾದರೆ ಎತ್ತರಕ್ಕೆ ಹೋಗು' ಎಂಬ ಹುಟ್ಟುಗುಣ ಅಳಿದಿಲ್ಲ. ಗೂಡಿನೊಳಗೆ ಕೂರಲು ಅಡ್ಡಗೋಲು ಇಲ್ಲದಿದ್ದರೆ ಮರವೇ ಅದಕ್ಕೆ ಲೇಸೆನಿಸುತ್ತದೆ.

ಕಾರಣಗಳು ಇನ್ನೂ ಇವೆ. ಸಂತೆಯಿಂದ ಹೊಸದಾಗಿ ತಂದ ಕೋಳಿಗೆ ಗೂಡು ತನ್ನದೆಂದು ಗೊತ್ತಿರುವುದಿಲ್ಲ. ಕೆಲವು ದಿನ ಒಳಗೇ ಇಟ್ಟು ಮೇವು, ನೀರು ಕೊಟ್ಟರೆ ಹೊಂದಿಕೊಳ್ಳುತ್ತದೆ. ಕೋಳಿಗಳಲ್ಲೂ ಮೇಲು ಕೀಳು ಉಂಟು. ಯಾರು ಯಾರನ್ನು ಕುಕ್ಕಬಹುದು ಎಂಬ ಈ ಶ್ರೇಣಿಯನ್ನು 1920ರ ದಶಕದ ಆರಂಭದಲ್ಲಿ ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬ ವಿಜ್ಞಾನಿ ವಿವರಿಸಿದರು. ಜಾಗ ಸಾಲದಿದ್ದರೆ ಕೆಳಗಿನ ಸ್ಥಾನದ ಕೋಳಿ ಕುಕ್ಕಿಸಿಕೊಳ್ಳುವ ಬದಲು ಹೊರಗೇ ಉಳಿಯುತ್ತದೆ. ಕೋಳಿಯೊಂದಕ್ಕೆ ಕೋಲಿನ ಮೇಲೆ ಒಂದು ಗೇಣಾದರೂ ಜಾಗ ಬೇಕು. ಹಿಕ್ಕೆ ಕೊಳೆತರೆ ಅಮೋನಿಯಾ ಏಳುತ್ತದೆ. ಗೂಡಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಕೋಳಿಯ ಮಟ್ಟಕ್ಕೆ ಮೂಗು ತಂದರೆ ಅದರ ಕಷ್ಟ ತಿಳಿಯುತ್ತದೆ.

ಇವೆಲ್ಲ ಹಗಲಿನಲ್ಲೇ ಕಂಡುಹಿಡಿಯಬಹುದಾದ ದೋಷಗಳು. ಹಗಲು ಕಾಣಿಸದ ಕಾರಣವೂ ಒಂದಿದೆ.

ಒಂದು ಮನೆಯಲ್ಲಿ ಗೂಡು ಹಳೆಯದೇ, ಕೋಳಿಗಳೂ ಹಳೆಯವೇ, ನೆಲವೂ ಗುಡಿಸಿತ್ತು. ಆದರೂ ಪ್ರತಿ ಸಂಜೆ ಅಟ್ಟಿಯೇ ಒಳಗೆ ಕೂಡಬೇಕಾಗಿತ್ತು. ಎಂಟನೇ ತರಗತಿಯ ಮೊಮ್ಮಗಳು ಕೇಳಿದಳು: "ಅಜ್ಜೀ, ಹಗಲು ಮೊಟ್ಟೆ ಇಡೋಕೆ ಅದೇ ಗೂಡಿಗೆ ಹೋಗ್ತಾವಲ್ಲ. ರಾತ್ರಿ ಮಾತ್ರ ಯಾಕೆ ಒಲ್ಲೆ ಅಂತಾವೆ?"

"ಹಾಗಾದ್ರೆ ರಾತ್ರಿನೇ ಹೋಗಿ ನೋಡು ಪುಟ್ಟಿ" ಎಂದರು ಅಜ್ಜಿ.

ಊಟವಾದ ಮೇಲೆ ಅವಳು ಟಾರ್ಚು ಹಿಡಿದು ಹೋದಳು. ಅಡ್ಡಗೋಲಿನ ತಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದಳು. ಬಟ್ಟೆಯ ಮೇಲೆ ರಕ್ತದ ಗೀರುಗಳು ಮೂಡಿದವು.

ಅದು ಕೆಂಪು ನುಸಿಯ ಕೆಲಸ. ವಿಜ್ಞಾನದಲ್ಲಿ ಇದಕ್ಕೆ ಡರ್ಮಾನಿಸಸ್ ಗ್ಯಾಲಿನೇ ಎಂದು ಹೆಸರು. ಗಾತ್ರ ಒಂದು ಮಿಲಿಮೀಟರಿಗಿಂತ ಕಡಿಮೆ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದಾಗ ಕೆಂಪು. ಹಗಲು ಮರದ ಬಿರುಕುಗಳಲ್ಲಿ, ಕೋಲಿನ ತುದಿಯ ಸಂದುಗಳಲ್ಲಿ ಅಡಗಿದ್ದು, ಇರುಳು ಹೊರಬಂದು ಕೋಳಿಯ ಮೈಯೇರುತ್ತದೆ. ಆರ್ಗಸ್ ಪರ್ಸಿಕಸ್ ಎಂಬ ಕೋಳಿ ಉಣ್ಣೆಯದೂ ಇದೇ ಕಳ್ಳಬುದ್ಧಿ. ನುಸಿ ಹೆಚ್ಚಾದರೆ ಜುಟ್ಟು ಬಿಳಿಚುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯುವುದೂ ಉಂಟು. ಪ್ರತಿ ರಾತ್ರಿ ಅಟ್ಟಿ ಒಳಗೆ ಹಾಕಿ ಅಗುಳಿ ಜಡಿದವರು ನುಸಿಗೆ ಊಟ ಬಡಿಸಿದಂತಾಯಿತು!

ಪರಿಹಾರ ಕಷ್ಟವೇನಲ್ಲ. ಗೂಡು ಬರಿದು ಮಾಡಿ ಕೆರೆದು, ಬಿರುಕುಗಳಿಗೆ ಕುದಿಯುವ ನೀರು ಹೊಯ್ಯಬೇಕು. ಈ ಕೆಲಸ ದೊಡ್ಡವರದು. ಬಿಸಿಲಿಗೆ ಒಣಗಿಸಿ, ಸಂದುಗಳು ಮುಚ್ಚುವಂತೆ ಸುಣ್ಣ ಬಳಿಯಬೇಕು. ಅನುಕೂಲ ಹವೆಯಲ್ಲಿ ಹೊಸ ಪೀಳಿಗೆಯ ನುಸಿ ಬೆಳೆಯಲು 7 ದಿನ ಸಾಕು. ಆದ್ದರಿಂದ ವಾರದ ನಂತರ ಮತ್ತೆ ಶುಚಿಗೊಳಿಸಬೇಕು. ಕೋಳಿಗಳನ್ನು ನಾಲ್ಕು ದಿನ ಬೇರೆಡೆ ಮಲಗಿಸಿದರೆ ನುಸಿ ಸಾಯುವುದಿಲ್ಲ. ರಕ್ತವಿಲ್ಲದೆ ಅದು ತಿಂಗಳುಗಟ್ಟಲೆ ಬದುಕಬಲ್ಲದು. ಕೋಳಿಗಳು ಮಿಂದು ಮೈ ಕೊಡವಲು ಒಣಮಣ್ಣಿನ ಗುಂಡಿಯೊಂದಿರಲಿ. ಬೆಳೆಗೆ ಹೊಡೆಯುವ ವಿಷವನ್ನು ಮಾತ್ರ ಗೂಡಿಗೆ ಸಿಂಪಡಿಸಬಾರದು. ಔಷಧಿ ಬೇಕಾದರೆ ಪಶುವೈದ್ಯರನ್ನೇ ಕೇಳಬೇಕು.

ಕೋಳಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದೆಯೆಂದು ಬೈದವರೇ ಆ ಮಾತಿಗೆ ತಕ್ಕವರಾದರು. ಮಾತು ಬಾರದ ಹಕ್ಕಿಗೆ ಹಿಂದೆ ಸರಿಯುವುದೊಂದೇ ಭಾಷೆ. ಮಾತು ಬರುವ ಮಕ್ಕಳೂ ಕೆಲವೊಮ್ಮೆ ಅದೇ ಭಾಷೆ ಆಡುತ್ತಾರೆ. ನಿನ್ನೆಯವರೆಗೆ ಕುಣಿಯುತ್ತ ಶಾಲೆಗೆ ಹೋದ ಮಗು ಇಂದು ಹೊಟ್ಟೆನೋವು ಎಂದು ಮುದುಡಿದರೆ, ತಂದೆ ತಾಯಂದಿರು ಗದರುವ ಮುನ್ನ ಯಾವ ದಿನ, ಯಾವ ಪೀರಿಯಡ್ಡು, ಯಾವ ದಾರಿ ಎಂದು ವಿಚಾರಿಸಲಿ. ಆ ಹುಡುಗಿ ಗೂಡಿನ ಬಗ್ಗೆ ಕೇಳಿದ್ದೂ ಅದನ್ನೇ: ರಾತ್ರಿ ಮಾತ್ರ ಯಾಕೆ?