ಕ್ರಿಯಾವಿಶೇಷಣಕ್ಕೆ ಮಣೆ ಎಲ್ಲಿ?

ಇಂಗ್ಲಿಷಿನ ಸಹಾಯಕ ಕ್ರಿಯಾಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ ಕ್ರಿಯಾವಿಶೇಷಣವೊಂದು ಕುಳಿತುಕೊಳ್ಳಬಹುದೇ, ಕೂಡದೇ? ಇಂತಹ ಒಣ ವ್ಯಾಕರಣವನ್ನು ಸಂಸಾರಿಗಳು ಓದುವ ಪತ್ರಿಕೆಗೆ ತರುವುದುಂಟೇ ಎಂದು ವಾಚಕರು ಹುಬ್ಬೇರಿಸಿಯಾರು. ಆದರೆ ಮಗನಿಗೋ ಮಗಳಿಗೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಾಗಿ ಬಾರದ ಮನೆ ಈಗ ಯಾವುದಿದೆ? ಅರ್ಜಿಯೆಂದ ಮೇಲೆ ಅದನ್ನು ತಿದ್ದುವವರೂ ಇದ್ದೇ ಇರುತ್ತಾರೆ. ನನ್ನ ತಕರಾರು ಆ ತಿದ್ದುವವರ ಮೇಲೆ.

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಕಾಗದವೊಂದನ್ನು ಹಿಡಿದು ಬಂದಳು. ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ, ಮೇಷ್ಟರು ಸಾಲದ ವರ್ಷಗಳಲ್ಲಿ ಇಂಗ್ಲಿಷನ್ನೂ ಹೇಳಿಕೊಟ್ಟವನಾದುದರಿಂದ ಇಂತಹ ಕಾಗದಗಳು ನನ್ನ ಜಗುಲಿಗೆ ಬರುವುದುಂಟು. ತಂದೆಯಿಲ್ಲದ ಹುಡುಗಿ, ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ, ಮಾರನೆಯ ದಿನವೇ ಕಡೆಯ ದಿನ. ‘ಐ ಹ್ಯಾವ್ ಸಕ್ಸೆಸ್‌ಫುಲಿ ಕಂಪ್ಲೀಟೆಡ್’ ಎಂದು ಅವಳು ಬರೆದುದನ್ನು ಯಾರೋ ಬಲ್ಲವರು ಕೆಂಪು ಮಸಿಯಿಂದ ಹೊಡೆದು ‘ಐ ಸಕ್ಸೆಸ್‌ಫುಲಿ ಹ್ಯಾವ್ ಕಂಪ್ಲೀಟೆಡ್’ ಎಂದು ಮಾಡಿದ್ದರು. ‘ಹ್ಯಾವ್ ಆಲ್‌ವೇಸ್ ವರ್ಕ್ಡ್’ ಎಂಬುದು ‘ಆಲ್‌ವೇಸ್ ಹ್ಯಾವ್ ವರ್ಕ್ಡ್’ ಆಗಿತ್ತು. ‘ವಿಲ್ ಗ್ಲ್ಯಾಡ್‌ಲಿ ಕಮ್’ ಎಂಬುದು ‘ಗ್ಲ್ಯಾಡ್‌ಲಿ ವಿಲ್ ಕಮ್’ ಆಗಿತ್ತು. ಕ್ರಿಯಾಪದವನ್ನು ಸೀಳಬಾರದೆಂಬುದು ನಿಯಮವಂತೆ! ನನ್ನ ಮನಸ್ಸಿಗೆ ತಾಕಿದ್ದು ಆ ಕೆಂಪು ಗೆರೆಗಳಲ್ಲ. ಅವಳು ಆಮೇಲೆ ಸೇರಿಸಿದ್ದ ಕೊನೆಯ ಭಾಗದಲ್ಲಿ ಒಂದೇ ಒಂದು ಕ್ರಿಯಾವಿಶೇಷಣವೂ ಇರಲಿಲ್ಲ. ಏಕೆಂದು ಕೇಳಿದೆ. “ಎಲ್ಲಿಟ್ಟರೂ ತಪ್ಪಾದೀತೆಂದು ಭಯವಾಯಿತು, ಬಿಟ್ಟೇ ಬಿಟ್ಟೆ” ಎಂದಳು. ಅವಳ ಕಿವಿ ಸರಿಯಾಗಿಯೇ ಇತ್ತು. ಸುಳ್ಳು ನಿಯಮವೊಂದು ಅದರ ಮೇಲಿನ ನಂಬಿಕೆಯನ್ನು ಕೆಡಿಸಿತ್ತು. ಮೊದಲಿನ ವಾಕ್ಯಗಳನ್ನೇ ಉಳಿಸಿ ಹೊಸ ಪ್ರತಿಯನ್ನು ಬರೆಸಿ ಕಳುಹಿಸಿದೆ.

ಈ ನಿಯಮ ಬಂದುದಾದರೂ ಎಲ್ಲಿಂದ? ಇಂಗ್ಲಿಷಿನಲ್ಲಿ ‘ಟು ಗೋ’, ‘ಟು ರೀಡ್’ ಎಂದು ‘ಟು’ ಸೇರಿಸಿ ಹೇಳುವ ಕ್ರಿಯಾರೂಪವೊಂದುಂಟು. ಈ ‘ಟು’ವಿಗೂ ಅದರ ಮುಂದಿನ ಕ್ರಿಯಾಪದಕ್ಕೂ ನಡುವೆ ಬೇರೊಂದು ಮಾತನ್ನು ತೂರಿಸಬಾರದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಗದ್ದಲವೆದ್ದಿತು. ಕ್ಯಾಂಟರ್ಬರಿಯ ಡೀನ್ ಆಗಿದ್ದ ಹೆನ್ರಿ ಆಲ್ಫರ್ಡ್ ಅವರು 1864ರಲ್ಲಿ ಪುಸ್ತಕವಾಗಿ ಬಂದ ತಮ್ಮ ಬರಹಗಳಲ್ಲಿ ಅದನ್ನು ಆಕ್ಷೇಪಿಸಿದರು. ಆ ಆಕ್ಷೇಪಣೆಯಲ್ಲಿಯೇ ಹುರುಳು ಕಡಿಮೆ, ಅದಿರಲಿ. ಅದನ್ನು ಅರೆಬರೆಯಾಗಿ ಕೇಳಿಸಿಕೊಂಡವರು ‘ಟು’ ಇಲ್ಲದ ಕಡೆಯಲ್ಲಿಯೂ ಬೆದರತೊಡಗಿದರು. ಹಗ್ಗವನ್ನು ಹಾವೆಂದದ್ದು ಸಾಲದೆ ಹಗ್ಗದ ನೆರಳನ್ನೂ ಹಾವೆಂದಂತಾಯಿತು. ಫೌಲರ್ ಎಂಬ ವಿದ್ವಾಂಸರು 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪ್ರಯೋಗಕೋಶದಲ್ಲಿ ಈ ಭಯದ ಬುಡವನ್ನು ಬಗೆದು ತೋರಿಸಿದ್ದಾರೆ. ಸಹಾಯಕ ಕ್ರಿಯಾಪದಕ್ಕೂ ಉಳಿದ ಭಾಗಕ್ಕೂ ನಡುವಣ ಸ್ಥಾನವೇ ಕ್ರಿಯಾವಿಶೇಷಣಕ್ಕೆ ಸಹಜ. ಬೇರೆ ಕಡೆ ಇಡಬೇಕಾದರೆ ಅದಕ್ಕೆ ಕಾರಣ ಬೇಕು ಎಂಬುದು ಅವರ ಮತ.

ಆದರೆ ಪುಸ್ತಕ ಬಂದ ಮಾತ್ರಕ್ಕೆ ಹಳೆಯ ಭಯ ಸಾಯುವುದೇ? 2009ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ಬರಾಕ್ ಒಬಾಮರು ಅಮೆರಿಕದ ಅಧ್ಯಕ್ಷಪದವಿಯ ಪ್ರತಿಜ್ಞೆಯನ್ನು ಸ್ವೀಕರಿಸಿದರು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರು ಪ್ರತಿಜ್ಞಾವಾಕ್ಯವನ್ನು ಕಾಗದ ನೋಡದೆ ಹೇಳಿಕೊಟ್ಟರು. ಅವರ ಸಂವಿಧಾನದಲ್ಲಿ ‘ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್’ ಎಂದಿದೆ. ನ್ಯಾಯಮೂರ್ತಿಗಳ ಬಾಯಲ್ಲಿ ‘ಫೇತ್‌ಫುಲಿ’ ತನ್ನ ಮಣೆಯಿಂದೆದ್ದು ವಾಕ್ಯದ ಬಾಲಕ್ಕೆ ಹೋಯಿತು. ಒಬಾಮರು ಒಂದು ಕ್ಷಣ ತಡೆದರು. ಕೊನೆಗೆ ಅವರೂ ಅದನ್ನು ಬಾಲದಲ್ಲಿಯೇ ಹೇಳಿದರು. ಸಂಶಯಕ್ಕೆ ಎಡೆಯಿರಬಾರದೆಂದು ಮರುದಿನ ಶ್ವೇತಭವನದಲ್ಲಿ ಪ್ರತಿಜ್ಞೆಯನ್ನು ಎರಡನೆಯ ಬಾರಿ ಬೋಧಿಸಲಾಯಿತು. ಸೀಳಿದ ಕ್ರಿಯಾಪದವನ್ನು ಕಂಡರೆ ತಿದ್ದುವ ಅಭ್ಯಾಸವೇ ನ್ಯಾಯಮೂರ್ತಿಗಳ ನಾಲಗೆಯನ್ನು ಎಳೆದಿರಬಹುದೆಂದು ಸ್ಟೀವನ್ ಪಿಂಕರ್ ಎಂಬ ಭಾಷಾವಿಜ್ಞಾನಿಗಳು ಆಗಲೇ ಪತ್ರಿಕೆಯಲ್ಲಿ ಬರೆದರು. ಅದು ಊಹೆ, ಆದರೆ ಕೆಂಪು ಮಸಿಯ ಮೇಷ್ಟರುಗಳನ್ನು ಕಂಡ ನನಗೆ ಅಸಂಭವವೆಂದು ತೋರುವುದಿಲ್ಲ.

ನಮ್ಮ ಸಂವಿಧಾನವನ್ನೇ ನೋಡಬಹುದು. ರಾಷ್ಟ್ರಪತಿಗಳ ಪ್ರತಿಜ್ಞೆಯನ್ನು ವಿಧಿಸುವ 60ನೆಯ ಅನುಚ್ಛೇದದ ಇಂಗ್ಲಿಷ್ ಪಾಠದಲ್ಲಿಯೂ ‘ಫೇತ್‌ಫುಲಿ’ ಎಂಬುದು ‘ವಿಲ್’ ಆದ ಮೇಲೆಯೇ, ‘ಎಕ್ಸಿಕ್ಯೂಟ್’ ಎಂಬುದಕ್ಕೆ ಮುಂಚೆಯೇ ಇದೆ. ಅಷ್ಟೇ ಅಲ್ಲ, ಅದೇ ವಾಕ್ಯದಲ್ಲಿ ಇನ್ನೊಂದು ‘ವಿಲ್’ ಆದಮೇಲೆ ‘ನನ್ನ ಶಕ್ತಿಮೀರಿ’ ಎಂಬರ್ಥದ ಐದಾರು ಪದಗಳ ಮೆರವಣಿಗೆಯೇ ಹಾದುಹೋಗಿ, ಆಮೇಲೆ ಮುಖ್ಯ ಕ್ರಿಯಾಪದ ಬರುತ್ತದೆ. ರಾಷ್ಟ್ರಪತಿಗಳಿಗೆ ಸಲ್ಲುವ ವಾಕ್ಯಕ್ರಮ ಲೆಕ್ಕ ಬರೆಯುವ ಹುಡುಗಿಗೆ ಸಲ್ಲದೇ?

ಸಂಸ್ಕೃತ ಓದಿದವರಿಗೆ ಈ ವಿವಾದ ತೀರ ಹೊಸದಲ್ಲ. ಲಿಟ್ಟಿನಲ್ಲಿ ಕೆಲವು ಧಾತುಗಳಿಗೆ ‘ಆಂ’ ಹಚ್ಚಿ, ಅದರ ಮುಂದೆ ‘ಚಕಾರ’, ‘ಬಭೂವ’, ‘ಆಸ’ ಇವುಗಳಲ್ಲೊಂದನ್ನು ಇಡುತ್ತೇವೆ. ಇದೂ ಒಂದು ಬಗೆಯ ಸಹಾಯಕ ಕ್ರಿಯಾಪದವೇ. ಪಾಣಿನಿಯ ಸೂತ್ರ ಇದಕ್ಕೆ ಅನುಪ್ರಯೋಗವನ್ನು ಹೇಳುತ್ತದೆ. ‘ಅನು’ ಎಂದರೆ ಬೆನ್ನಹಿಂದೆಯೇ ಬರತಕ್ಕದ್ದು, ನಡುವೆ ಮತ್ತೊಂದು ಪದ ಬರಕೂಡದು ಎಂದು ವಾರ್ತಿಕಕಾರರು ಬಿಡಿಸಿದರು. ಇಲ್ಲಿ ನಿಷೇಧ ನಿಜವಾದದ್ದು. ಹೀಗಿದ್ದೂ ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ, ದಶರಥನ ಬಾಣವು ಕಾಡಿನ ಕೋಣವನ್ನು ಮೊದಲು ಕೆಡವಿ ತಾನು ಆಮೇಲೆ ಬಿದ್ದಿತೆಂದು ಹೇಳುವಲ್ಲಿ, ‘ಪಾತಯಾಂ’ ಎಂಬುದಕ್ಕೂ ‘ಆಸ’ ಎಂಬುದಕ್ಕೂ ನಡುವೆ ‘ಪ್ರಥಮಂ’ ಎಂಬ ಕ್ರಿಯಾವಿಶೇಷಣವನ್ನೇ ಇಟ್ಟಿದ್ದಾನೆ. ಬಾಣ ಕೋಣವನ್ನು ಸೀಳಿತು, ಕವಿ ಕ್ರಿಯಾಪದವನ್ನು ಸೀಳಿದ ಎಂದು ತರಗತಿಯಲ್ಲಿ ವಿನೋದಕ್ಕೆ ಹೇಳುತ್ತಿದ್ದೆ. ಬೇಕೆಂದೇ ಮಾಡಿದನೆಂದು ಸಾಧಿಸಹೊರಟರೆ ಪಂಡಿತರು ಬಿಡುವುದಿಲ್ಲ. ಅಂತೂ ನಿಷೇಧವಿದ್ದ ಕಡೆ ಮಹಾಕವಿ ದಾಟಿದ. ನಿಷೇಧವೇ ಇಲ್ಲದ ಇಂಗ್ಲಿಷಿನಲ್ಲಿ ನಮ್ಮವರು ಬೇಲಿ ಹಾಕಿಕೊಂಡು ಕುಳಿತಿದ್ದಾರೆ.

ನಮ್ಮ ಮಕ್ಕಳಿಗೆ ಈ ನಡುಮಣೆ ಒಗ್ಗದಿರುವುದಕ್ಕೆ ಮತ್ತೊಂದು ಕಾರಣವುಂಟು. ಕನ್ನಡದಲ್ಲಿ ‘ಬಂದಿದ್ದಾನೆ’ ಎಂಬುದು ‘ಬಂದು’, ‘ಇದ್ದಾನೆ’ ಎರಡೂ ಬೆಸೆದು ಆದದ್ದು. ‘ಆಗಲೇ ಬಂದಿದ್ದಾನೆ’ ಎನ್ನಬಹುದು. ಆ ಬೆಸುಗೆಯನ್ನು ಬಿಚ್ಚಿ ‘ಬಂದು ಆಗಲೇ ಇದ್ದಾನೆ’ ಎಂದರೆ ಅರ್ಥವೇ ಬೇರೆಯಾಯಿತು. ಆದುದರಿಂದಲೇ ಹುಡುಗರು ‘ಆಲ್‌ರೆಡಿ ಹೀ ಹ್ಯಾಸ್ ಕಮ್’ ಎಂದು ಮಾತನ್ನು ಮುಂದಕ್ಕೆ ತಳ್ಳುವುದು. ನಮ್ಮ ಭಾಷೆ ಆ ಸಂದಿಯಲ್ಲಿ ಬಿಟ್ಟುಕೊಳ್ಳುವುದು ‘ಏ’, ‘ಊ’ ಎಂಬ ಪುಟ್ಟ ಅವ್ಯಯಗಳನ್ನು ಮಾತ್ರ: ಮಾಡಿಯೇ ಬಿಟ್ಟ, ನೋಡಿಯೂ ಇಲ್ಲ. ಆ ಹುಡುಗಿಯ ‘ಬಿಟ್ಟೇ ಬಿಟ್ಟೆ’ಯಲ್ಲಿ ಎಷ್ಟು ಕಸುವಿದೆ! ಅಲ್ಲಿ ಕನ್ನಡದ ‘ಏ’ ಮಾಡುವ ಕೆಲಸವನ್ನು ಇಂಗ್ಲಿಷಿನ ನಡುಮಣೆಯಲ್ಲಿ ಕುಳಿತ ಮಾತು ಮಾಡುತ್ತದೆಂದು ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ.

ಎಲ್ಲವನ್ನೂ ನಡುವೆ ತುರುಕಬೇಕೆಂದು ನಾನು ಹೇಳುತ್ತಿಲ್ಲ. ಮಣೆ ಬದಲಾದರೆ ಅರ್ಥವೂ ಬದಲಾಗುವುದುಂಟು. ‘ಹೀ ಹ್ಯಾಸ್ ಫೂಲಿಶ್‌ಲಿ ಆನ್ಸರ್ಡ್’ ಎಂದರೆ ಉತ್ತರ ಕೊಡಹೋದದ್ದೇ ದಡ್ಡತನ. ಅದೇ ಮಾತು ಕೊನೆಗೆ ಹೋದರೆ ಕೊಟ್ಟ ಉತ್ತರ ದಡ್ಡತನದ್ದು. ಸಹಾಯಕಗಳು ಎರಡು ಮೂರು ಇದ್ದಾಗ ಇನ್ನೂ ಸೂಕ್ಷ್ಮ: ‘ವುಡ್ ಸರ್ಟನ್‌ಲಿ ಹ್ಯಾವ್ ಬೀನ್ ಬ್ಯಾಡ್‌ಲಿ ಹರ್ಟ್’ ಎಂಬಲ್ಲಿ ಇಡೀ ವಾಕ್ಯಕ್ಕೆ ಸೇರಿದ ನಿಶ್ಚಯದ ಮಾತು ಮೊದಲ ಸಹಾಯಕದ ಪಕ್ಕದಲ್ಲಿ, ಪೆಟ್ಟಿನ ಬಗೆಯನ್ನು ಹೇಳುವ ಮಾತು ಪೆಟ್ಟಿನ ಪಕ್ಕದಲ್ಲಿ. ನಿಷೇಧದ ‘ನಾಟ್’ ಬಂದಾಗಲಂತೂ ಎಚ್ಚರವಿರಬೇಕು. ಗಂಡಿನ ಗುಣಶೀಲಗಳನ್ನು ವಿಚಾರಿಸಿ ದೂರದ ಊರಿಂದ ಇಂಗ್ಲಿಷಿನಲ್ಲಿ ಕಾಗದ ಬರುತ್ತದೆ. ‘ಐ ರಿಯಲಿ ಡು ನಾಟ್ ನೋ ಹಿಮ್’ ಎಂದು ಉತ್ತರಿಸಿದರೆ, ನಿಜವಾಗಿಯೂ ಅವನು ಯಾರೋ ನನಗೆ ತಿಳಿಯದು ಎಂದಾಯಿತು. ‘ಐ ಡು ನಾಟ್ ರಿಯಲಿ ನೋ ಹಿಮ್’ ಎಂದರೆ ಮುಖಪರಿಚಯವುಂಟು, ಒಳಗಿನದು ಬಲ್ಲೆನೆನ್ನಲಾರೆ ಎಂದು. ಎರಡನೆಯದನ್ನು ಓದಿದ ಹೆಣ್ಣಿನ ತಂದೆ ಇನ್ನೂ ನಾಲ್ಕು ಜನರನ್ನು ವಿಚಾರಿಸಲು ಹೊರಡುತ್ತಾನೆ.