ನಕ್ಷೆಯಲ್ಲಿದ್ದ ಹಳ್ಳ

ನಮ್ಮೂರಿನ ಗ್ರಾಮಸಭೆಗೆ ಜನ ಬರುವುದಿಲ್ಲ ಎಂಬುದು ಹಳೆಯ ದೂರು. ಕಾಯಿದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಸೇರುತ್ತದೆ. ಫಲಾನುಭವಿಗಳ ಪಟ್ಟಿ ಓದುವಾಗ ಒಂದಿಷ್ಟು ತಲೆಗಳು ಬಾಗಿಲಲ್ಲಿ ಕಾಣಿಸಿಕೊಂಡು, ತಮ್ಮ ಹೆಸರಿಲ್ಲವೆಂದು ಗೊತ್ತಾದ ಕೂಡಲೇ ಮಾಯವಾಗುತ್ತವೆ. ಕೋರಂ ಪೂರ್ತಿಯಾಗುವುದು ಟೀ ಬಂದಾಗ. ಅಂಥ ಊರಿನಲ್ಲಿ ಈ ಸಲ ಶಾಲೆಯ ಬೆಂಚುಗಳು ಸಾಲದೆ ದೇವಸ್ಥಾನದ ಜಮಖಾನ ತರಿಸಬೇಕಾಯಿತು. ಕಾರ್ಯಸೂಚಿಯ ಕಡೆಯ ಸಾಲಿನಲ್ಲಿ ಒಂದು ವಿಷಯವಿತ್ತು: ಊರ ಮೂಡಲಿನ ಹನ್ನೆರಡು ಎಕರೆಯಲ್ಲಿ ವಸತಿ ಬಡಾವಣೆ.

ನಮ್ಮೂರು ದೊಡ್ಡಬಳ್ಳಾಪುರದ ಕಡೆಯದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ದಾರಿಯುದ್ದಕ್ಕೂ ಒಂದರ ಕೆಳಗೊಂದು ಕೆರೆಗಳಿವೆ. ಅವುಗಳಲ್ಲಿ ನಮ್ಮದೂ ಒಂದು. ಈ ನದಿಯ ನೀರನ್ನೇ ಹೆಸರಘಟ್ಟದಲ್ಲಿ ಹಿಡಿದು 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿಯಲ್ಲಿ ಹರಿಸಿದರು. ಮೊದಲು ನಮ್ಮ ನೀರು ಬೆಂಗಳೂರಿಗೆ ಹೋಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಬೆಂಗಳೂರೇ ನಮ್ಮ ಕಡೆಗೆ ಹೊರಟು ಬಂತು. ನೀಲಗಿರಿ ತೋಪುಗಳ ನಡುವೆ ಕಲ್ಲುಕಂಬ ನೆಟ್ಟು ಬಣ್ಣದ ಬಾವುಟ ಕಟ್ಟಿದ್ದು ಕಂಡರೆ ಜಾತ್ರೆಯೇನೋ ಎಂದು ಈಗ ಯಾರೂ ಮೋಸಹೋಗುವುದಿಲ್ಲ.

ತಾತ ಈ ಊರಿನ ಶ್ಯಾನುಭೋಗರಾಗಿದ್ದರು. ಹಳ್ಳಿಯ ಲೆಕ್ಕ ಬರೆಯುವುದು ಅಪ್ಪನಿಂದ ಮಗನಿಗೆ ಬರುತ್ತಿದ್ದ ಕಾಲ ಅದು. 1961ರಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಆಯಿತು, 1963ರ ಫೆಬ್ರವರಿ 1ಕ್ಕೆ ಜಾರಿಗೆ ಬಂತು. ಪಟೇಲರೂ ಶ್ಯಾನುಭೋಗರೂ ಒಂದೇ ಬೆಳಗಿಗೆ ಮಾಜಿಗಳಾದರು. ತಾತ ದಫ್ತರವನ್ನೆಲ್ಲ ಎಣಿಸಿ ಒಪ್ಪಿಸಿ ರಸೀದಿ ಪಡೆದರಂತೆ. ಕೈಯಾರೆ ಬರೆದುಕೊಂಡಿದ್ದ ಗ್ರಾಮನಕ್ಷೆಯ ನಕಲೊಂದನ್ನು ಮಾತ್ರ ಉಳಿಸಿಕೊಂಡರು. ಅಧಿಕಾರ ಹೋದಮೇಲೂ ಅವರ ಕಣ್ಣಿಗೆ ಊರು ಕಾಣುತ್ತಿದ್ದದ್ದು ಸರ್ವೆ ನಂಬರುಗಳಲ್ಲೇ. ‘ನಲವತ್ತೇಳರಲ್ಲಿ ಹುಚ್ಚೆಳ್ಳು ಹೂ ಬಿಟ್ಟಿದೆ’, ‘ಐವತ್ತೆರಡರ ಹಸು ಐವತ್ತಮೂರಕ್ಕೆ ನುಗ್ಗಿದೆ’ ಎಂದೇ ಮಾತಾಡುತ್ತಿದ್ದರು. ರಜೆಗೆ ಊರಿಗೆ ಹೋದ ನಾನು ಹಸುಗಳಿಗೂ ನಂಬರಿರುತ್ತದೆ ಎಂದು ಬಹಳ ದಿನ ನಂಬಿದ್ದೆ.

ಮೈಸೂರು ಸೀಮೆಯ ಹೊಲಗಳಿಗೆ ಈ ನಂಬರು ಬಂದದ್ದು 1860ರ ದಶಕದಲ್ಲಿ, ಕಮಿಷನರ್ ಬೌರಿಂಗ್ ಕಾಲದಲ್ಲಿ ಮುಂಬೈ ಪದ್ಧತಿಯ ಕಂದಾಯ ಸರ್ವೆ ಶುರುವಾದ ಮೇಲೆ. ಅಳತೆಗೆ 33 ಅಡಿಯ ಸರಪಳಿ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಎಳೆದರೆ ಒಂದು ಗುಂಟೆ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಇಂದಿನ ಮಧ್ಯಮವರ್ಗ ಕನಸು ಕಾಣುವ ಮೂವತ್ತು-ನಲವತ್ತರ ಸೈಟು 1,200 ಚದರಡಿ. ನಾವು ಇಪ್ಪತ್ತು ವರ್ಷ ಬ್ಯಾಂಕಿಗೆ ಕಂತು ಕಟ್ಟುವ ಆಸ್ತಿ ತಾತನ ಲೆಕ್ಕದಲ್ಲಿ ಒಂದು ಗುಂಟೆ, ಮೇಲೆ ಚಿಲ್ಲರೆ.

ಹೊಲ ಅಳೆದ ಸರ್ವೆಯವರು ಬೆಳೆ ಬರದ ಜಾಗವನ್ನು ಖರಾಬು ಎಂದು ಬೇರೆ ಬರೆದರು. ಅದರಲ್ಲೂ ಎರಡು ಬಗೆ. ಬಂಡೆಯಂಥದ್ದು ‘ಎ’ ಖರಾಬು. ದಾರಿ, ಹಳ್ಳ, ಸ್ಮಶಾನಗಳಂತೆ ಎಲ್ಲರಿಗೂ ಸೇರಿದ್ದು ‘ಬಿ’ ಖರಾಬು. ಸುತ್ತಲ ಹೊಲ ಯಾರದೇ ಇರಲಿ, ಬಿ ಖರಾಬು ಆ ಹೊಲದವನದಲ್ಲ. ನಮ್ಮೂರ ಜಗಳಗಳಲ್ಲಿ ಅರ್ಧ ಹುಟ್ಟಿದ್ದು ಈ ಒಂದಕ್ಷರದಿಂದ, ಮಿಕ್ಕರ್ಧ ಬದುವಿನಿಂದ.

ಸಭೆಯಲ್ಲಿ ಮೊದಲು ಎದ್ದು ನಿಂತವನು ಬಡಾವಣೆ ಮಾಡಲಿರುವವರ ಕಡೆಯ ಒಬ್ಬ ಯುವಕ. ಎಲ್ಲರಿಗೂ ನುಣುಪಾದ ಬಣ್ಣದ ಹಾಳೆ ಹಂಚಿದ. ಹಾಳೆಯ ಪ್ರಕಾರ ನಮ್ಮೂರಿಂದ ವಿಮಾನ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ. ದೊಡ್ಡಬಳ್ಳಾಪುರದ ಬಸ್ಸಿಗೆ ನಾವು ಕಾಯುವ ಹೊತ್ತೇ ಅದಕ್ಕಿಂತ ಹೆಚ್ಚು. ಮಧ್ಯದಲ್ಲೊಂದು ಈಜುಕೊಳ ನೀಲಿಯಾಗಿ ಹೊಳೆಯುತ್ತಿತ್ತು. ಊರ ಕೆರೆಯಲ್ಲಿ ಆಗ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ನಾನು ತಾತನ ನಕ್ಷೆ ತೆಗೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ಹರಡಿದರೆ ಸುರುಳಿ ಬಿಚ್ಚಿಕೊಳ್ಳಲೊಲ್ಲದು. ಒಂದು ಮೂಲೆಗೆ ನಡಾವಳಿ ಪುಸ್ತಕ, ಇನ್ನೊಂದಕ್ಕೆ ಸೀಲಿನ ಡಬ್ಬಿ, ಮೂರನೆಯದಕ್ಕೆ ಪಿಡಿಒ ಅವರ ಮೊಬೈಲು, ನಾಲ್ಕನೆಯದಕ್ಕೆ ನನ್ನ ಮೊಣಕೈ. ಬಟ್ಟೆಗೆ ಅಂಟಿಸಿದ ಕಾಗದ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಚುಕ್ಕಿಗಳ ಒಂಟಿ ಸಾಲು ಕಾಲುದಾರಿ, ಜೋಡಿ ಸಾಲು ಬಂಡಿದಾರಿ. ಐವತ್ತೆರಡನೇ ನಂಬರಿನ ಮೂಲೆಯಲ್ಲಿ ಹೊಕ್ಕು, ಐವತ್ತಮೂರನ್ನು ಸೀಳಿಕೊಂಡು ಕೆರೆಯಂಗಳಕ್ಕೆ ಇಳಿಯುವ ಹಳ್ಳ. ತಾತ ಅದಕ್ಕೆ ನೀಲಿ ಶಾಯಿ ಬಳಸಿ, ನೀರು ಹರಿಯುವ ದಿಕ್ಕಿಗೊಂದು ಪುಟ್ಟ ಬಾಣ ಬರೆದಿದ್ದರು. ಬಣ್ಣದ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದೆವು. ಅದೇ ಜಾಗದಲ್ಲಿ 61ರಿಂದ 78ರವರೆಗಿನ ಸೈಟುಗಳಿದ್ದವು. ಎಲ್ಲಕ್ಕೂ ಪೂರ್ವದ ಬಾಗಿಲು. ವಾಸ್ತು ಅಚ್ಚುಕಟ್ಟಾಗಿತ್ತು, ಹಳ್ಳಕ್ಕೆ ಮಾತ್ರ ಬಾಗಿಲಿರಲಿಲ್ಲ.

ನಾನು ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಐವತ್ತೆರಡನೇ ನಂಬರಿನ ಯಜಮಾನ ಎದ್ದ. ‘ಅಲ್ಲ ಸ್ವಾಮಿ, ನಿಮ್ಮ ತಾತ ಜಗಲಿ ಮ್ಯಾಲೆ ಕೂತು ಬರೀತಿದ್ರು, ನಮ್ಮಪ್ಪ ಅಂಗಳದಾಗೆ ನಿಂತು ಹೆಬ್ಬೆಟ್ಟು ಒತ್ತುತಿದ್ದ. ಈಗ ನಾನು ಮಾರ್ತೀನಿ ಅಂದಾಗ ನಿಮಗೆ ಹಳ್ಳ ಗ್ಯಾಪಕ ಬಂತಾ? ನೀವು ಬೆಂಗ್ಳೂರಾಗೆ ಲೇಔಟ್‌ನಾಗೇ ಅಲ್ವಾ ಇರಾದು?’

ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಹೊಲ ಹಿಂದೆ ನಮ್ಮ ಮನೆಯದೇ, ಗೇಣಿಗೆ ಮಾಡುತ್ತಿದ್ದವರು ಅವನ ತಂದೆ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯಿತು. ಭೂನ್ಯಾಯ ಮಂಡಳಿಗೆ ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಅವರು ಒಡೆಯರಾದರು. ಹದಿನೈದು ವರ್ಷ ಮಾರಬಾರದೆಂಬ ಷರತ್ತು ಮುಗಿದು ಎಷ್ಟೋ ಕಾಲವಾಗಿದೆ. ರಾಗಿ ಬೆಳೆದು ಮಕ್ಕಳನ್ನು ಓದಿಸಿ ನೋಡಿ ಎಂದು ಅವನು ಸವಾಲು ಹಾಕಿದ್ದರೆ ಹೊಲವಿಲ್ಲದ ನಾನು ಏನೆನ್ನಲಿ?

ಇನ್ನು ಲೇಔಟಿನ ಮಾತು. ತಂದೆ ಆಗಿನ ನಗರಾಭಿವೃದ್ಧಿ ಮಂಡಳಿ ಸಿಐಟಿಬಿಯ ಸೈಟಿನಲ್ಲಿ ಕಟ್ಟಿದ ಜಯನಗರದ ಮನೆಯಲ್ಲಿ ಬೆಳೆದವನು ನಾನು. 1948ರಲ್ಲಿ ಶುರುವಾದ ಆ ಬಡಾವಣೆ ಯಡಿಯೂರು, ಭೈರಸಂದ್ರದಂಥ ಹಳ್ಳಿಗಳನ್ನು ಒಳಗೆ ಹಾಕಿಕೊಂಡೇ ದೊಡ್ಡದಾಯಿತು. ಅದಕ್ಕೂ ಹಿಂದೆ, 1898ರ ಪ್ಲೇಗಿನ ಹೊಡೆತಕ್ಕೆ ಪೇಟೆಯ ಜನ ಬಸವನಗುಡಿಗೂ ಮಲ್ಲೇಶ್ವರಕ್ಕೂ ಚದುರಿದರು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಈಗ ಕಾಯಿ ಬೇರೆ ಬೇರೆ ಊರುಗಳಿಂದ ಲಾರಿಯಲ್ಲಿ ಬರುತ್ತದೆ. ಹಿಂದೆ ಅಲ್ಲಿದ್ದ ಸುಂಕೇನಹಳ್ಳಿಯ ರೈತರು ಬಸವಣ್ಣನಿಗೆ ಮೊದಲ ಬೆಳೆ ಒಪ್ಪಿಸುತ್ತಿದ್ದರೆಂಬ ಕತೆ ಉಳಿದಿದೆ, ಹೊಲ ಉಳಿದಿಲ್ಲ. ಬಡಾವಣೆಯಲ್ಲಿ ಕೂತು ಬಡಾವಣೆಯೇ ಬೇಡ ಎನ್ನುವ ಹಕ್ಕು ಬೆಂಗಳೂರಿನ ಯಾರಿಗೂ ಇದ್ದಂತಿಲ್ಲ. ಹಳ್ಳ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ಇದೆ. ಮುಚ್ಚಿದ ರಾಜಕಾಲುವೆಗಳು ಮಳೆ ಬಂದಾಗ ಏನು ಮಾಡುತ್ತವೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ.

‘ಹಳೇ ಕಾಲದ ಪಂಚಾಯ್ತಿನೇ ಚೆನ್ನಾಗಿತ್ತು, ಹಿರಿಯರು ಒಂದು ಮಾತು ಹೇಳಿದ್ರೆ ಮುಗೀತು’ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. 1830ರಲ್ಲಿ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಮೆಟ್‌ಕಾಫ್ ನಮ್ಮ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಹೊಗಳಿ ಬರೆದಿದ್ದ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆ ಹೊಗಳಿಕೆಯನ್ನು ಚಿಂದಿ ಮಾಡಿದರು. ನಮ್ಮೂರ ಅರಳಿಕಟ್ಟೆಯ ಮಟ್ಟಿಗೆ ಅಂಬೇಡ್ಕರರೇ ಸರಿ. ಕಟ್ಟೆಯ ಮೇಲೆ ನಾಲ್ಕು ಮನೆಯವರು ಕೂರುತ್ತಿದ್ದರು, ಅದರಲ್ಲಿ ನಮ್ಮದೂ ಒಂದು. ಮಿಕ್ಕವರು ನಿಂತು ಕೇಳುತ್ತಿದ್ದರು. ಹೆಂಗಸರು ಆ ಹೊತ್ತಿಗೆ ಆ ದಾರಿಯಲ್ಲಿ ಹಾಯುತ್ತಲೇ ಇರಲಿಲ್ಲ.

ಈ ಕೂರುವ ನಿಲ್ಲುವ ಲೆಕ್ಕ ಅಲುಗಾಡಿದ್ದು ಅಬ್ದುಲ್ ನಜೀರ್ ಸಾಬ್ ಕಾಲಕ್ಕೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತಿಗಳ 1983ರ ಕಾಯಿದೆ ರೂಪಿಸಿದವರು ಅವರು. 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು, ಕಾಲುಭಾಗ ಸ್ಥಾನ ಹೆಂಗಸರಿಗೆ ಸಿಕ್ಕಿತು. ಗ್ರಾಮಸಭೆಗೆ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದು 1993ರಲ್ಲಿ. ರಾಜ್ಯದಲ್ಲಿ ಮಹಿಳಾ ಮೀಸಲು ಅರ್ಧಕ್ಕೇರಿದ್ದು 2010ರಲ್ಲಿ. ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದವರ ಮೊಮ್ಮಗಳು ಇವತ್ತು ನಮ್ಮ ಅಧ್ಯಕ್ಷೆ. ಪಕ್ಕದ ಕುರ್ಚಿಯಲ್ಲಿ ಅವರ ಗಂಡ ಕೂತು ಪ್ರತಿ ಪ್ರಶ್ನೆಗೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ‘ರೀ, ನೀವು ಸದಸ್ಯರಲ್ಲ, ಕೆಳಗೆ ಕೂತ್ಕೊಳ್ಳಿ’ ಎಂದು ಆಕೆ ಮೈಕಿನಲ್ಲೇ ಹೇಳಿದಾಗ ಜಮಖಾನದ ಕಡೆಯಿಂದ ಬಂದ ಚಪ್ಪಾಳೆ ಬಣ್ಣದ ಹಾಳೆಗೂ ಬಂದಿರಲಿಲ್ಲ.

ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರೂ ನಜೀರ್ ಸಾಬರೇ. ಆ ಕಾಲದ ಕೈಪಂಪು ಶಾಲೆಯ ಅಂಗಳದಲ್ಲಿ ಇನ್ನೂ ಇದೆ. ಅದರ ಹಿಡಿಗೆ ಈಗ ಹಸು ಕಟ್ಟುತ್ತಾರೆ. ಸಭೆಯ ನಿಜವಾದ ಪ್ರಶ್ನೆ ಬಂದದ್ದು ಆ ಪಂಪಿಗೆ ಬೆನ್ನು ಹಾಕಿ ಕೂತಿದ್ದ, ಸ್ವಸಹಾಯ ಸಂಘದ ಹೆಂಗಸೊಬ್ಬಳಿಂದ. ‘ಮನೆ ಕಟ್ಕೊಳ್ಳಿ, ಬ್ಯಾಡ ಅನ್ನಾಕಿಲ್ಲ. ನೀರು ಎಲ್ಲಿಂದ ತತ್ತೀರಿ? ಬಚ್ಚಲು, ಕಕ್ಕಸಿನ ನೀರು ಎಲ್ಲಿಗೆ ಬಿಡ್ತೀರಿ? ಅಷ್ಟು ಹೇಳಿ ಸಾಕು.’

ಪೆನ್ನು ಹಿಡಿದು ಲೆಕ್ಕ ಹಾಕಿದೆವು. ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಬಿಟ್ಟು ಅರ್ಧ ನೆಲ ನಿವೇಶನಕ್ಕೆ ಸಿಕ್ಕರೂ ಎಕರೆಗೆ 18 ಸೈಟು, ಹನ್ನೆರಡು ಎಕರೆಗೆ 216. ಮನೆಗೆ ನಾಲ್ವರೆಂದರೆ 864 ಜನ. ಪಟ್ಟಣದ ಮನುಷ್ಯನಿಗೆ ದಿನಕ್ಕೆ 135 ಲೀಟರು ಬೇಕೆಂಬುದು ಸರ್ಕಾರಿ ಮಾನ. ಜಲಜೀವನ ಮಿಷನ್ ಲೆಕ್ಕದಲ್ಲಿ ಹಳ್ಳಿಯವನಿಗೆ 55 ಲೀಟರು. ಬರುವವರು ಪಟ್ಟಣದವರು ತಾನೇ? ದಿನಕ್ಕೆ 1,16,640 ಲೀಟರು ಬೇಕು. ಆರು ಸಾವಿರ ಲೀಟರಿನ ಟ್ಯಾಂಕರು ದಿನವೂ ಹತ್ತೊಂಬತ್ತು ಇಪ್ಪತ್ತು ಸಲ ಬರಬೇಕು. ಒಳಗೆ ಹೋದದ್ದರಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ. ಬಂದು ಎಲ್ಲಿಗೆ ಹೋಗಬೇಕೆಂದು ತಾತನ ಬಾಣ ಆಗಲೇ ತೋರಿಸಿತ್ತು: ಕೆರೆಗೆ.

‘ಕಾವೇರಿ ಬರುತ್ತೆ ಮೇಡಂ’ ಎಂದ ಯುವಕ. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೂ ಇದೇ ಭರವಸೆಯಿತ್ತು. ಅವುಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಪಾಲಿಕೆಯ ಒಳಗಿದ್ದವರಿಗೇ ಹದಿನೇಳು ವರ್ಷ ಹಿಡಿಯಿತು.

ಗ್ರಾಮಸಭೆಯ ಕೈಯಲ್ಲಿ ಬಹಳವೇನೂ ಇಲ್ಲ. ಹೊಲವನ್ನು ವಸತಿಗೆ ಪರಿವರ್ತಿಸಲು 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಅನುಮತಿ ಕೊಡುವವರು ಜಿಲ್ಲಾಧಿಕಾರಿ. ವಿನ್ಯಾಸಕ್ಕೆ ಒಪ್ಪಿಗೆ ಯೋಜನಾ ಪ್ರಾಧಿಕಾರದ್ದು. ಕಡೆಗೆ ಸೈಟಿನ ಖಾತೆಯ ಫಾರಂ 9, ಫಾರಂ 11 ಕೊಡುವ ಕೆಲಸ ಪಂಚಾಯಿತಿಗೆ ಬರುತ್ತದೆ. ಹಾಗೆಂದು ಇಲ್ಲಿ ಆಡಿದ್ದು ಗಾಳಿಗೆ ಹೋಗುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆದದ್ದು ದಾಖಲೆ. ನಾಳೆ ಕಡತ ಮೇಲಕ್ಕೆ ಹೋದಾಗ ‘ಊರವರು ತಕರಾರು ಮಾಡಲಿಲ್ಲ’ ಎಂದು ಯಾರೂ ಷರಾ ಬರೆಯಲಾಗದು.

ಬಡಾವಣೆ ಬೇಡ ಎಂದು ಸಭೆ ಬರೆಸಲಿಲ್ಲ, ಬೇಕು ಎಂದೂ ಬರೆಸಲಿಲ್ಲ. ಹಳ್ಳವನ್ನೂ ಬಂಡಿದಾರಿಯನ್ನೂ ಸರ್ವೆ ಮಾಡಿಸಿ ಕಲ್ಲು ನೆಡಬೇಕು, ನೀರಿನ ಮೂಲ ಯಾವುದೆಂದು ಬರೆದುಕೊಡಬೇಕು, ಕೊಳಚೆ ಶುದ್ಧ ಮಾಡುವ ಘಟಕ ಮೊದಲು, ಸೈಟು ಆಮೇಲೆ. ಇವಿಷ್ಟು ಆಗದೆ ಪಂಚಾಯಿತಿಯಿಂದ ಒಂದು ಕಾಗದವೂ ಹೊರಡಕೂಡದು. ಐವತ್ತೆರಡನೇ ನಂಬರಿನವನೂ ಸಹಿ ಹಾಕಿದ. ‘ಹಳ್ಳ ಬಿಟ್ರೆ ನಾಕು ಕಾಸು ಕಮ್ಮಿಯಾಗ್ತದೆ’ ಎಂದು ಗೊಣಗಿದನಾದರೂ, ಅವನ ಅಣ್ಣನ ಹೊಲ ಹಳ್ಳದ ಕೆಳಗೇ ಇದೆ.

ನಗರದಂಚಿನಲ್ಲಿ ಸೈಟು ನೋಡುತ್ತಿರುವವರಿಗೆ ನನ್ನದೊಂದು ಮಾತು. ಗ್ರಾಮನಕ್ಷೆಗಾಗಿ ಶ್ಯಾನುಭೋಗರ ಮನೆಯ ಅಟ್ಟ ಹುಡುಕಬೇಕಾಗಿಲ್ಲ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ನೆಲದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಮುಂಗಡ ಕೊಡುವ ಮುಂಚೆ ಬಣ್ಣದ ಹಾಳೆಯನ್ನೂ ಆ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿ. ದೇವರಮನೆ ಈಶಾನ್ಯಕ್ಕೆ ಬಂತೇ ಎಂಬುದನ್ನು ಆಮೇಲೆ ವಿಚಾರಿಸಿದರಾಯಿತು. ಹಳ್ಳ ಎಲ್ಲಿದೆ ಎಂಬುದನ್ನು ಮೊದಲು ಕೇಳಿ.